ಕಲಬುರಗಿಯ ಖಾನಾವಳಿಯಲ್ಲಿ ಪೆರುವಿನ ಚೀನೀ ಅಡುಗೆ: ಚೌಫಾ, ಸಾಲ್ತಾದೊ ಮತ್ತು ಪಾನೀಯಗಳ ಬಗ್ಗೆ ಸಲಹೆ ಬೇಕು

ಪ್ರಶ್ನೆ: ಸೇಡಂ ರಸ್ತೆ ಖಾನಾವಳಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಸೇಡಂ ರಸ್ತೆಯಲ್ಲಿ ನಮ್ಮದೊಂದು ಚಿಕ್ಕ ಖಾನಾವಳಿ ಇದೆ. ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿಯ ಊಟ ನಡೆಯುತ್ತದೆ. ಸಂಜೆ ಆರು ಗಂಟೆಯ ನಂತರ ಅದೇ ಜಾಗದಲ್ಲಿ ದೊಡ್ಡ ಭಟ್ಟಿ ಹೊತ್ತಿಸಿ ಫ್ರೈಡ್ ರೈಸ್, ನೂಡಲ್ಸ್, ಗೋಬಿ ಮಂಚೂರಿ ಮಾಡುತ್ತೇವೆ. ನನ್ನ ಅಕ್ಕನ ಮಗ ಕಂಪನಿಯ ಕೆಲಸದ ಮೇಲೆ ಐದು ತಿಂಗಳು ಪೆರು ದೇಶದ ಲಿಮಾ ನಗರದಲ್ಲಿದ್ದು ಈಚೆಗೆ ಊರಿಗೆ ಮರಳಿದ್ದಾನೆ. ಅಲ್ಲಿ ಅವನು ಹೆಚ್ಚಾಗಿ ಊಟ ಮಾಡುತ್ತಿದ್ದದ್ದು ‘ಚೀಫಾ’ ಎಂದು ಕರೆಯುವ ಚೀನೀ-ಪೆರು ಹೋಟೆಲುಗಳಲ್ಲಂತೆ. ಒಂದು ರಾತ್ರಿ ಗಿರಾಕಿಗಳು ಹೋದ ಮೇಲೆ ನಮ್ಮ ಭಟ್ಟಿಯ ಮೇಲೆಯೇ ಎರಡು ಪದಾರ್ಥ ಮಾಡಿ ಬಡಿಸಿದ: ‘ಚೌಫಾ’ ಎಂಬ ಅನ್ನ ಮತ್ತು ‘ಸಾಲ್ತಾದೊ’ ಎಂಬ ಕೋಳಿಮಾಂಸದ ಹುರಿದ ಪದಾರ್ಥ.

ಆ ಊಟ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಕಡಾಯಿ ನಮ್ಮದೇ, ಸೋಯಾ ಸಾಸ್ ನಾವು ದಿನವೂ ಬಳಸುವುದೇ, ಆದರೂ ರುಚಿ ಮಾತ್ರ ನಾವು ಮಾಡುವುದಕ್ಕಿಂತ ಪೂರ್ತಿ ಬೇರೆ. ಕಾರ್ನ್‌ಫ್ಲೋರ್ ಕದಡಿದ ಗ್ರೇವಿ ಇರಲಿಲ್ಲ, ಕೆಂಪು ಬಣ್ಣ ಇರಲಿಲ್ಲ, ಬಾಟಲಿಯ ಚಿಲ್ಲಿ ಸಾಸ್ ಇರಲಿಲ್ಲ. ಉಳ್ಳಾಗಡ್ಡಿ ಮತ್ತು ಟೊಮೆಟೊ ಅರ್ಧ ಹಸಿಯಾಗಿಯೇ ಉಳಿದು, ಹೊಗೆಯ ಪರಿಮಳದೊಂದಿಗೆ ವಿನೆಗರಿನ ಹುಳಿ ಬೆರೆತಿತ್ತು. ಇವುಗಳಲ್ಲಿ ಮೂರು ನಾಲ್ಕನ್ನು ಸಂಜೆಯ ಪಟ್ಟಿಗೆ ಸೇರಿಸಬೇಕೆಂದಿದ್ದೇನೆ, ಆದರೆ ಹೆಸರಿಗೆ ಮಾತ್ರ ಪೆರುವಿನದಾಗಿ ಒಳಗೆ ಮತ್ತೆ ಮಂಚೂರಿಯೇ ಆಗಬಾರದು ಎಂಬ ಆತಂಕ ನನಗಿದೆ. ಯಾವ ಪದಾರ್ಥದಿಂದ ಆರಂಭಿಸುವುದು ಒಳ್ಳೆಯದು? ಅವರ ಹಳದಿ ಮೆಣಸಿನಕಾಯಿಗೆ ಬದಲಾಗಿ ಇಲ್ಲಿ ಏನು ಬಳಸಬಹುದು? ನಮ್ಮ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಸಸ್ಯಾಹಾರಿಗಳು. ಅವರಿಗೆ ಏನು ಕೊಡಬಹುದು? ಜೊತೆಗೆ ಕುಡಿಯಲು ಏನಿಡಬೇಕು? ಅಲ್ಲಿ ಊಟದೊಂದಿಗೆ ನೇರಳೆ ಬಣ್ಣದ ಜೋಳದ ಪಾನೀಯ ಕೊಡುತ್ತಾರೆಂದು ಅಳಿಯ ಹೇಳಿದ. ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ: ಲಿಮಾದಿಂದ ಮರಳಿದ ಬೀದರಿನವ

ಅಣ್ಣನವರೇ, ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ನಾನು ಮೂರು ವರ್ಷ ಲಿಮಾದಲ್ಲಿದ್ದೆ. ಮೊದಲು ಈ ಅಡುಗೆ ಹುಟ್ಟಿದ ಬಗೆಯನ್ನು ಹೇಳುತ್ತೇನೆ, ಏಕೆಂದರೆ ಯಾವುದನ್ನು ಬದಲಿಸಬಹುದು, ಯಾವುದನ್ನು ಮುಟ್ಟಬಾರದು ಎಂಬುದು ಅದರಿಂದಲೇ ತಿಳಿಯುತ್ತದೆ.

1849ರಿಂದ 1874ರವರೆಗಿನ ಇಪ್ಪತ್ತೈದು ವರ್ಷಗಳಲ್ಲಿ ಸುಮಾರು ಒಂದು ಲಕ್ಷ ಚೀನೀ ಕೂಲಿಗಳನ್ನು ಪೆರುವಿಗೆ ಕರೆದೊಯ್ಯಲಾಯಿತು. ಅವರಲ್ಲಿ ಹೆಚ್ಚಿನವರು ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದವರು. ಮಕಾವು ಬಂದರಿನಿಂದ ಹಡಗು ಹತ್ತಿ, ಎಂಟು ವರ್ಷಗಳ ಕರಾರಿಗೆ ಹೆಬ್ಬೆಟ್ಟು ಒತ್ತಿ ಹೋದವರು. ಕರಾವಳಿಯ ಕಬ್ಬು ಮತ್ತು ಹತ್ತಿಯ ತೋಟಗಳಲ್ಲಿ, ಚಿಂಚಾ ದ್ವೀಪಗಳಲ್ಲಿ ಹಕ್ಕಿಗಳ ಹಿಕ್ಕೆಯ ಗೊಬ್ಬರ ಅಗೆಯುವಲ್ಲಿ, ರೈಲು ಹಳಿ ಹಾಕುವಲ್ಲಿ ಅವರನ್ನು ದುಡಿಸಿಕೊಂಡರು, ಮತ್ತು ಎಷ್ಟೋ ಕಡೆ ಆ ಬದುಕು ಜೀತಕ್ಕಿಂತ ಬೇರೆಯಾಗಿರಲಿಲ್ಲ. ಕೂಲಿಯ ಒಂದು ಭಾಗವಾಗಿ ದಿನಕ್ಕಿಷ್ಟು ಅಕ್ಕಿ ಕೊಡಬೇಕೆಂಬ ಮಾತು ಆ ಕರಾರುಗಳಲ್ಲಿ ಇರುತ್ತಿತ್ತು. ಅಂದರೆ ದೇಶ ಬಿಟ್ಟರೂ ಅನ್ನವನ್ನು ಬಿಡಲಿಲ್ಲ. ಕರಾರು ಮುಗಿದವರು ಲಿಮಾಕ್ಕೆ ಬಂದು ದೊಡ್ಡ ಮಾರುಕಟ್ಟೆಯ ಪಕ್ಕದ ಕಾಪೋನ್ ಬೀದಿಯಲ್ಲಿ ಅಂಗಡಿ, ಊಟದ ಮನೆಗಳನ್ನು ತೆರೆದರು. 1920ರ ದಶಕದ ಹೊತ್ತಿಗೆ ಆ ಊಟದ ಮನೆಗಳಿಗೆ ಊರಿನ ಉಳಿದವರೂ ಬರತೊಡಗಿದರು, ‘ಚೀಫಾ’ ಎಂಬ ಹೆಸರೂ ನಿಂತಿತು. ಚೀನೀ ಭಾಷೆಯಲ್ಲಿ ‘ಊಟ ಮಾಡು’ ಎನ್ನುವ ಮಾತೇ ಆ ಹೆಸರಿನ ಮೂಲ. ಹುರಿದ ಅನ್ನಕ್ಕೆ ಕ್ಯಾಂಟನೀಸ್ ಭಾಷೆಯಲ್ಲಿ ‘ಚೌ ಫಾನ್’ ಎನ್ನುತ್ತಾರೆ, ಅದೇ ಚೌಫಾ. ಹಸಿ ಶುಂಠಿಗೆ ಸ್ಪ್ಯಾನಿಷ್ ಮಾತನಾಡುವ ಬೇರೆ ದೇಶಗಳಲ್ಲಿ ಬೇರೆ ಹೆಸರಿದೆ, ಪೆರುವಿನವರು ಮಾತ್ರ ‘ಕಿಯೋನ್’ ಎನ್ನುತ್ತಾರೆ. ಸೋಯಾ ಸಾಸಿಗೆ ‘ಸಿಯಾವೊ’ ಎನ್ನುತ್ತಾರೆ. ಎರಡೂ ಚೀನೀ ಪದಗಳೇ, ಮತ್ತು ಇಂದು ಪ್ರತಿ ಮನೆಯ ಅಡುಗೆಮನೆಯ ಮಾತಾಗಿವೆ.

ಇದರಲ್ಲಿ ಚೀನಾದಿಂದ ಬಂದದ್ದು ಉರಿ, ಕಡಾಯಿ, ಸೋಯಾ ಮತ್ತು ಅಲ್ಲ (ಹಸಿ ಶುಂಠಿ). ಆ ನೆಲದಿಂದ ಸೇರಿದ್ದು ಆಲೂಗಡ್ಡೆ, ಟೊಮೆಟೊ, ಹಳದಿ ಮೆಣಸಿನಕಾಯಿ. ಸಾಲ್ತಾದೊವನ್ನು ಅವರು ಹೆಚ್ಚಾಗಿ ದನದ ಮಾಂಸದಲ್ಲಿ ಮಾಡಿ ‘ಲೋಮೊ ಸಾಲ್ತಾದೊ’ ಎನ್ನುತ್ತಾರೆ. ಕೋಳಿಮಾಂಸದ್ದಕ್ಕೆ ‘ಪೋಯೊ ಸಾಲ್ತಾದೊ’ ಎಂಬ ಹೆಸರು ಅಲ್ಲಿಯೇ ಇರುವುದರಿಂದ ನೀವು ಅದನ್ನು ಧೈರ್ಯವಾಗಿ ಬರೆಯಬಹುದು. ಮಾಂಸದ ಉದ್ದನೆಯ ತುಂಡುಗಳನ್ನು ಜೋರು ಉರಿಯಲ್ಲಿ ಕೆಂಪಗೆ ಮಾಡಿ ಹೊರತೆಗೆಯಬೇಕು. ಅದೇ ಕಡಾಯಿಗೆ ದಪ್ಪ ಹೋಳಿನ ಕೆಂಪು ಉಳ್ಳಾಗಡ್ಡಿ, ಬಳ್ಳೊಳ್ಳಿ, ಮೆಣಸಿನಕಾಯಿಯ ಸೀಳು, ಕೊನೆಗೆ ಟೊಮೆಟೊ ಹಾಕಿ, ಕಡಾಯಿಯ ಅಂಚಿನಿಂದ ವಿನೆಗರ್ ಮತ್ತು ಸೋಯಾ ಸುರಿದು, ಮಾಂಸ ಮರಳಿ ಸೇರಿಸಿ, ಕೊತ್ತಂಬರಿ ಉದುರಿಸಿ ಇಳಿಸಬೇಕು. ಹುರಿದ ಆಲೂಗಡ್ಡೆಯ ಉದ್ದ ತುಂಡುಗಳನ್ನು ಅದರಲ್ಲೇ ಬೆರೆಸುತ್ತಾರೆ, ಪಕ್ಕದಲ್ಲಿ ಬಿಳಿ ಅನ್ನವನ್ನೂ ಇಡುತ್ತಾರೆ. ಆಲೂಗಡ್ಡೆಯ ಜೊತೆಗೆ ಅನ್ನವೂ ಏಕೆ ಎಂದು ನಿಮ್ಮ ಗಿರಾಕಿಗಳು ಕೇಳುತ್ತಾರೆ. ಆ ಎರಡನ್ನೂ ಒಂದೇ ತಟ್ಟೆಯಲ್ಲಿಡುವುದೇ ಈ ಪದಾರ್ಥದ ಸ್ವಭಾವ ಎಂದು ಹೇಳಿ, ಯಾವುದನ್ನೂ ತೆಗೆಯಬೇಡಿ. ಒಂದು ಸಲಕ್ಕೆ ಎರಡು ಪ್ಲೇಟಿಗಿಂತ ಹೆಚ್ಚು ಕಡಾಯಿಗೆ ಹಾಕಿದರೆ ಟೊಮೆಟೊ ನೀರು ಬಿಟ್ಟು ಎಲ್ಲವೂ ಬೇಯುತ್ತದೆ, ಹುರಿಯುವುದಿಲ್ಲ. ನೀವು ಕಂಡ ಆ ಹೊಗೆಯ ಪರಿಮಳ ಹೋಗುವುದು ಅಲ್ಲಿಯೇ.

ನಮ್ಮ ಭಾಗದವರು ಇದನ್ನು ತೀರ ಪರಕೀಯ ಎಂದುಕೊಳ್ಳಬೇಕಾಗಿಲ್ಲ. ಬಹಮನಿ ಅರಸರು 1347ರಲ್ಲಿ ಆಳ್ವಿಕೆ ಆರಂಭಿಸಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡಾಗ ಅವರ ಅಡುಗೆಮನೆಯಲ್ಲಿ ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಶೇಂಗಾ ಯಾವುದೂ ಇರಲಿಲ್ಲ. ಇವೆಲ್ಲ ಅಮೆರಿಕ ಖಂಡಗಳಿಂದ ಪೋರ್ಚುಗೀಸರು ಮೊದಲಾದವರ ಹಡಗುಗಳ ಮೂಲಕ ಆಮೇಲೆ ಬಂದವು. ಆಲೂಗಡ್ಡೆಯನ್ನು ಮೊದಲು ಬೆಳೆಸಿದ್ದು ಪೆರು ಮತ್ತು ಬೊಲಿವಿಯಾ ನಡುವಿನ ತಿತಿಕಾಕಾ ಸರೋವರದ ಸುತ್ತಲಿನ ಎತ್ತರದ ನೆಲದಲ್ಲಿ. ಶೇಂಗಾ ಕೂಡ ದಕ್ಷಿಣ ಅಮೆರಿಕದ್ದೇ. ನಮ್ಮ ಶೇಂಗಾ ಹಿಂಡಿಯಲ್ಲಿರುವ ಕಾಳು ಮತ್ತು ಖಾರ ಎರಡೂ ಆ ಕಡೆಯವು ಎಂಬುದು ಲಿಮಾದ ಊಟದ ಮೇಜಿನ ಮುಂದೆ ಕುಳಿತಾಗ ನನಗೆ ಪದೇ ಪದೇ ನೆನಪಾಗುತ್ತಿತ್ತು.

ಪಾನೀಯಗಳ ಮಾತಿಗೆ ಬರುತ್ತೇನೆ. ಚೀಫಾದ ಮೇಜಿನ ಮೇಲೆ ಹೆಚ್ಚಾಗಿ ಕಾಣುವುದು ಇಂಕಾ ಕೋಲಾ ಎಂಬ ಹಳದಿ ಸೋಡಾ. ಸ್ಪ್ಯಾನಿಷರು ಲಿಮಾ ನಗರವನ್ನು ಸ್ಥಾಪಿಸಿ 400 ವರ್ಷ ತುಂಬಿದ 1935ರಲ್ಲಿ ಲಿಂಡ್ಲಿ ಕುಟುಂಬ ಅದನ್ನು ಆರಂಭಿಸಿತು. ಸೋಯಾದ ಉಪ್ಪಿಗೆ ಅದರ ಸಿಹಿ ಹೊಂದುತ್ತದೆ ಎಂಬುದು ಅವರ ನಂಬಿಕೆ. ನನಗೆ ಅದು ಅತಿ ಸಿಹಿ ಎನಿಸುತ್ತಿತ್ತು, ಮಲ್ಲಿಗೆಯ ಚಹಾವನ್ನೇ ನಾನು ಬಯಸುತ್ತಿದ್ದೆ. ನಿಮ್ಮ ಅಳಿಯ ಹೇಳಿದ್ದು ‘ಚೀಚಾ ಮೊರಾದಾ’. ನೇರಳೆ ಬಣ್ಣದ ಗೋವಿನ ಜೋಳದ ತೆನೆಗಳನ್ನು ಅನಾನಸಿನ ಸಿಪ್ಪೆ, ದಾಲ್ಚಿನ್ನಿ, ಲವಂಗಗಳೊಂದಿಗೆ ಕುದಿಸಿ, ಸೋಸಿ, ಆರಿದ ಮೇಲೆ ಸಕ್ಕರೆ ಮತ್ತು ನಿಂಬೆರಸ ಸೇರಿಸುತ್ತಾರೆ. ಅದರಲ್ಲಿ ಮದ್ಯಾಂಶವಿಲ್ಲ. ದ್ರಾಕ್ಷಿಯ ಮದ್ಯದಿಂದ ಮಾಡುವ ‘ಪಿಸ್ಕೊ ಸೋರ್’ ಕೂಡ ಅಲ್ಲಿ ಪ್ರಸಿದ್ಧ, ಆದರೆ ಖಾನಾವಳಿಗೆ ಅದರ ಗೊಡವೆ ಬೇಡ.

ಉತ್ತರ: ಹುಮನಾಬಾದಿನ ಅಡುಗೆಮನೆ

ಅಣ್ಣಾ, ನಾನು ಲಿಮಾ ಕಂಡವಳಲ್ಲ. ಮಗಳ ಒತ್ತಾಯಕ್ಕೆ ಎರಡು ವರ್ಷಗಳಿಂದ ಮನೆಯಲ್ಲಿ ಈ ಅಡುಗೆ ಮಾಡುತ್ತಿರುವುದರಿಂದ ಬದಲಿ ಸಾಮಾನುಗಳ ಬಗ್ಗೆ ಮಾತ್ರ ಹೇಳುತ್ತೇನೆ.

ಅವರ ‘ಅಹೀ ಅಮರೀಯೊ’ ನಮ್ಮ ಮೆಣಸಿನಕಾಯಿಯ ಜಾತಿಯಲ್ಲ, ಅದರ ಸೋದರ ಜಾತಿ. ಹೆಸರಿನಲ್ಲಿ ಹಳದಿ ಎಂದಿದ್ದರೂ ಹಣ್ಣಾದಾಗ ಕಿತ್ತಳೆ ಬಣ್ಣಕ್ಕೆ ಬರುತ್ತದೆ. ಖಾರದ ಜೊತೆ ಹಣ್ಣಿನ ಪರಿಮಳವೂ ಇರುತ್ತದೆ. ಬ್ಯಾಡಗಿ ಮೆಣಸಿನಕಾಯಿಯನ್ನು ನೆನೆಸಿ ರುಬ್ಬಿ ನೋಡಿದೆ. ಬಣ್ಣ ಬಂತು, ಆದರೆ ಒಣ ಮೆಣಸಿನಕಾಯಿಯ ವಾಸನೆ ಎದ್ದು ಸಾಲ್ತಾದೊ ನಮ್ಮ ಸಾರಿನಂತಾಯಿತು. ಬರೀ ಹಸಿಮೆಣಸಿನಕಾಯಿ ಹಾಕಿದರೆ ಖಾರ ಮಾತ್ರ ಸಿಗುತ್ತದೆ. ಕೊನೆಗೆ ನನಗೆ ಒಪ್ಪಿಗೆಯಾದದ್ದು ಹೀಗೆ: ಎರಡು ಹಳದಿ ದೊಣ್ಣೆಮೆಣಸಿನಕಾಯಿಗಳನ್ನು ಉರಿಯ ಮೇಲೆ ಸುಟ್ಟು ಸಿಪ್ಪೆ ತೆಗೆದು, ಗಿಡದಲ್ಲೇ ಹಣ್ಣಾಗಿ ಕೆಂಪಗಾದ ಎರಡು ಹಸಿ ಮೆಣಸಿನಕಾಯಿಗಳ ಬೀಜ ತೆಗೆದು ಕುದಿಯುವ ನೀರಿನಲ್ಲಿ ಅದ್ದಿ, ಎರಡನ್ನೂ ಒಂದು ಚಮಚ ಎಣ್ಣೆಯೊಂದಿಗೆ ನುಣ್ಣಗೆ ರುಬ್ಬುವುದು. ಅದೇ ರುಚಿ ಎಂದು ನಾನು ಹೇಳುವುದಿಲ್ಲ. ಸೋಯಾ ಮತ್ತು ವಿನೆಗರಿನ ಜೊತೆ ಅದು ಜಗಳವಾಡುವುದಿಲ್ಲ, ಅಷ್ಟು ಹೇಳಬಲ್ಲೆ.

ಸಸ್ಯಾಹಾರಿಗಳಿಗೆ ಅಣಬೆಯ ಸಾಲ್ತಾದೊ ಮಾಡಿ. ಪೆರುವಿನಲ್ಲೂ ಅಣಬೆಯದನ್ನು ಮಾಡುತ್ತಾರೆ. ಅಣಬೆಯನ್ನು ತೊಳೆದು ಪೂರ್ತಿ ಒರೆಸಿ, ಉಪ್ಪು ಹಾಕದೆ ಕಾದ ಕಡಾಯಿಯಲ್ಲಿ ಹರಡಿ ಬಿಡಬೇಕು. ಉಪ್ಪು ಮೊದಲೇ ಬಿದ್ದರೆ ನೀರು ಬಿಡುತ್ತದೆ. ಪನೀರ್ ಹಾಕಬೇಡಿ ಎಂದು ಕೈಮುಗಿದು ಕೇಳುತ್ತೇನೆ, ಏಕೆಂದರೆ ಪನೀರ್ ಬಿದ್ದ ಕೂಡಲೇ ಅದು ಚಿಲ್ಲಿ ಪನೀರ್ ಆಗುತ್ತದೆ, ಗಿರಾಕಿಯೂ ಗ್ರೇವಿ ಕೇಳುತ್ತಾನೆ. ಸಸ್ಯಾಹಾರಕ್ಕೆ ಬೇರೆ ಕಡಾಯಿ, ಬೇರೆ ಸಟ್ಟುಗ ಇರಲಿ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ.

ನಿಮ್ಮ ಗಿರಾಕಿಗಳಿಗೆ ಮೊದಲು ಹಿಡಿಸುವುದು ವಾಂತಾನ್ ಎಂದು ನನ್ನ ಅನಿಸಿಕೆ. ಮೈದಾ ಹಾಳೆಯೊಳಗೆ ಸಣ್ಣ ಹೂರಣವಿಟ್ಟು ಕರಿದು, ‘ತಮರಿಂದೊ’ ಎನ್ನುವ ಸಿಹಿ-ಹುಳಿ ಸಾಸಿನೊಂದಿಗೆ ಕೊಡುತ್ತಾರೆ. ತಮರಿಂದೊ ಎಂದರೆ ಹುಣಸೆಹಣ್ಣೇ. ನಮ್ಮ ಹೊಲದ ಬದುಗಳಲ್ಲಿ ಹುಣಸೆ ಮರಗಳಿರುವಾಗ ಬಾಟಲಿಯ ಸಾಸ್ ಏಕೆ ಕೊಳ್ಳಬೇಕು? ಬಣ್ಣದ ವಿಷಯದಲ್ಲಿ ಮಾತ್ರ ಎಚ್ಚರಿಕೆ. ಕೆಲವರು ಅದನ್ನು ಕಡುಗೆಂಪು ಮಾಡುತ್ತಾರೆ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಮ್ಮ ರಾಜ್ಯದಲ್ಲಿ 2024ರ ಮಾರ್ಚ್‌ನಲ್ಲಿ ನಿಷೇಧಿಸಿದ್ದು ನಿಮಗೆ ಗೊತ್ತೇ ಇದೆ; ಆ ಅಭ್ಯಾಸ ಹೊಸ ಪದಾರ್ಥದ ಹೆಸರಿನಲ್ಲಿ ಮತ್ತೆ ಒಳಗೆ ಬರಬಾರದು. ಹುಣಸೆಯ ಕಂದು ಬಣ್ಣವೇ ಸಾಕು.

ನೇರಳೆ ಜೋಳ ನಮ್ಮ ಪೇಟೆಯಲ್ಲಿ ನನಗೆ ಸಿಗಲಿಲ್ಲ. ಅದರ ಬದಲಿಗೆ ಕೆಂಪು ಪುಂಡಿಯ ಕಾಯಿಯನ್ನು ಸುತ್ತುವರಿದ ರಸಭರಿತ ಎಸಳುಗಳನ್ನು ಒಣಗಿಸಿಟ್ಟುಕೊಂಡು, ಅನಾನಸಿನ ಸಿಪ್ಪೆ, ದಾಲ್ಚಿನ್ನಿ, ಲವಂಗದೊಂದಿಗೆ ಕುದಿಸುತ್ತೇನೆ. ಜೋಳಕ್ಕೂ ಈ ಎಸಳಿಗೂ ಬಣ್ಣ ಕೊಡುವುದು ಒಂದೇ ಬಗೆಯ ವರ್ಣದ್ರವ್ಯ. ಪುಂಡಿಗೆ ತನ್ನದೇ ಹುಳಿ ಇರುವುದರಿಂದ ನಿಂಬೆ ಬಹಳ ಕಡಿಮೆ ಸಾಕು. ಆದರೆ ಅದನ್ನು ಚೀಚಾ ಎಂದು ಮಾರಬೇಡಿ. ‘ಪುಂಡಿ-ಅನಾನಸ್ ಪಾನಕ’ ಎಂದರೆ ಹೆಚ್ಚು ಜನ ಕೇಳಿಯಾರು.

ಇನ್ನೊಂದು ಸಲಹೆ. ಪೆರುವಿನಲ್ಲಿ ಅಕ್ಕಿಯ ಬದಲು ಕಿನೋವಾ ಎಂಬ ತಮ್ಮ ಧಾನ್ಯದಲ್ಲೂ ಚೌಫಾ ಮಾಡುತ್ತಾರೆ. ನೀವು ನವಣೆಯಲ್ಲಿ ಅಥವಾ ಬೇಯಿಸಿದ ಬಿಳಿಜೋಳದಲ್ಲಿ ಮಾಡಿದರೆ ಅದು ನಮ್ಮದೇ ಆಗುತ್ತದೆಯಲ್ಲವೇ?

ಉತ್ತರ: ಶಹಾಪುರದ ಅಕ್ಕಿ ವ್ಯಾಪಾರಿ

ಅಕ್ಕನವರ ಕೊನೆಯ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಮೊದಲು ಅಕ್ಕಿಯ ಚೌಫಾ ಕೈಗೆ ಹತ್ತಲಿ, ಜೋಳ ಆಮೇಲೆ ಬರಲಿ.

ಯಾದಗಿರಿ ಜಿಲ್ಲೆಯ ನಮ್ಮ ಕಾಲುವೆ ಭಾಗದಲ್ಲಿ ಬೆಳೆಯುವ ಸೋನಾ ಮಸೂರಿ ಈ ಕೆಲಸಕ್ಕೆ ತಕ್ಕದ್ದು, ಆದರೆ ಹೊಸ ಅಕ್ಕಿ ತೆಗೆದುಕೊಳ್ಳಬೇಡಿ. ಒಂದು ವರ್ಷ ಹಳೆಯದಾದರೆ ಕಾಳು ಬಿಡಿಬಿಡಿಯಾಗಿ ನಿಲ್ಲುತ್ತದೆ. ನೀರನ್ನು ಮಾಮೂಲಿಗಿಂತ ತುಸು ಕಡಿಮೆ ಇಡಿ. ಚೌಫಾಕ್ಕೆ ಹಿಂದಿನ ದಿನದ ಅನ್ನ ಬೇಕು ಎಂದು ಎಲ್ಲರೂ ಹೇಳುತ್ತಾರೆ, ಆ ಮಾತನ್ನು ನಮ್ಮ ಬೇಸಿಗೆಯಲ್ಲಿ ಹಾಗೆಯೇ ಪಾಲಿಸಿದರೆ ಅಪಾಯವಿದೆ. ಬೆಂದ ಅನ್ನವನ್ನು ಬೆಚ್ಚಗಿನ ಜಾಗದಲ್ಲಿ ಗಂಟೆಗಟ್ಟಲೆ ಬಿಟ್ಟರೆ ಅದರಲ್ಲಿ ಒಂದು ಬಗೆಯ ಸೂಕ್ಷ್ಮಾಣು ಬೆಳೆದು ವಿಷವನ್ನು ಉಂಟುಮಾಡುತ್ತದೆ, ಮತ್ತು ಆ ವಿಷ ಆಮೇಲೆ ಎಷ್ಟು ಜೋರಾಗಿ ಹುರಿದರೂ ನಾಶವಾಗುವುದಿಲ್ಲ. ಮೇ ತಿಂಗಳಲ್ಲಿ ನಮ್ಮಲ್ಲಿ ಉಷ್ಣತೆ 42 ಡಿಗ್ರಿ ದಾಟುತ್ತದೆ. ಅನ್ನ ಬೆಂದ ಕೂಡಲೇ ಅಗಲವಾದ ಪರಾತಗಳಲ್ಲಿ ತೆಳ್ಳಗೆ ಹರಡಿ, ಫ್ಯಾನಿನ ಕೆಳಗೆ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮಧ್ಯಾಹ್ನದ ಊಟದಲ್ಲಿ ಉಳಿದ ಅನ್ನವನ್ನು ಸಂಜೆಯ ಚೌಫಾಕ್ಕೆ ದಯವಿಟ್ಟು ಬಳಸಬೇಡಿ. ಊರ ಹೊರಗಿನ ಒಂದು ಮದುವೆ ಊಟದಲ್ಲಿ ಇಂಥ ಅನ್ನ ತಿಂದು ನಮ್ಮ ಮನೆಯ ನಾಲ್ವರು ಎರಡು ದಿನ ನರಳಿದ್ದನ್ನು ನಾನು ಕಂಡಿದ್ದೇನೆ.

ಮತ್ತೆ ಪ್ರಶ್ನೆ ಕೇಳಿದವರಿಂದ: ಸೇಡಂ ರಸ್ತೆ ಖಾನಾವಳಿ

ಮೂವರಿಗೂ ನನ್ನ ಹೃತ್ಪೂರ್ವಕ ವಂದನೆಗಳು. ಕಳೆದ ಭಾನುವಾರ ಖಾನಾವಳಿಗೆ ರಜೆ ಕೊಟ್ಟು, ನೀವು ಹೇಳಿದಂತೆ ನಾಲ್ಕು ಪದಾರ್ಥ ಮಾಡಿ ಪರಿಚಯದ ಹನ್ನೆರಡು ಜನರಿಗೆ ಬಡಿಸಿದೆ. ಚೌಫಾದಲ್ಲಿ ತಪ್ಪು ನನ್ನ ಕೈಯದು: ಅಭ್ಯಾಸಬಲದಿಂದ ಕಾಳುಮೆಣಸಿನ ಪುಡಿಯನ್ನೂ ಚಿಲ್ಲಿ ಸಾಸನ್ನೂ ಹಾಕಿಬಿಟ್ಟೆ, ಅದು ನಮ್ಮ ಹಳೆಯ ಫ್ರೈಡ್ ರೈಸೇ ಆಯಿತು. ಎರಡನೆಯ ಸಲ ಹಸಿ ಶುಂಠಿ, ಬಳ್ಳೊಳ್ಳಿ, ಉಳ್ಳಾಗಡ್ಡಿಯ ಹಸಿರು ದಂಟು, ಮೊಟ್ಟೆಯ ತೆಳು ಆಮ್ಲೆಟ್ಟಿನ ತುಂಡು, ಸೋಯಾ, ಕೊನೆಗೆ ಎಳ್ಳೆಣ್ಣೆಯ ನಾಲ್ಕು ಹನಿ ಇಷ್ಟರಲ್ಲೇ ನಿಲ್ಲಿಸಿ, ಖಾರವನ್ನು ಬೇರೆ ಬಟ್ಟಲಿನಲ್ಲಿಟ್ಟೆ. ಆಗ ಅಳಿಯ ತಲೆಯಾಡಿಸಿದ.

ಅಣಬೆಯ ಸಾಲ್ತಾದೊ ಎಲ್ಲಕ್ಕಿಂತ ಮೊದಲು ಖಾಲಿಯಾಯಿತು. ಮಾಂಸಾಹಾರಿಗಳೂ ಅದನ್ನೇ ಮತ್ತೆ ಕೇಳಿದರು. ಪುಂಡಿಯ ಪಾನಕವನ್ನು ಅರುವತ್ತೆಂಟು ವರ್ಷದ ನಮ್ಮ ತಾಯಿಯವರು ಎರಡು ಲೋಟ ಕುಡಿದು, ಎಲೆಯನ್ನು ಪಲ್ಯ ಮಾಡಿ ಎಸಳನ್ನು ಇಷ್ಟು ದಿನ ಹಾಗೆಯೇ ಬಿಡುತ್ತಿದ್ದೆವಲ್ಲ ಎಂದು ಮರುಗಿದರು. ಅಕ್ಕನವರು ಹೇಳಿದ ಹೆಸರನ್ನೇ ಪಟ್ಟಿಯಲ್ಲಿ ಬರೆಯುತ್ತೇನೆ. ಪ್ರತಿ ಪದಾರ್ಥದ ಕೆಳಗೆ, ‘ಪೆರುವಿನ ಹಳದಿ ಮೆಣಸಿನಕಾಯಿಯ ಬದಲು ಇಲ್ಲಿನ ದೊಣ್ಣೆಮೆಣಸಿನಕಾಯಿ ಬಳಸಲಾಗಿದೆ’ ಎಂಬಂತಹ ಒಂದು ಸಾಲನ್ನೂ ಸೇರಿಸಲು ನಿರ್ಧರಿಸಿದ್ದೇನೆ. ಉಳಿದಿರುವ ತೊಡಕು ಒಂದೇ. ಹುಣಸೆಯ ಸಾಸ್ ತೆಳ್ಳಗಾಗಿ ವಾಂತಾನಿನ ಮೇಲೆ ನಿಲ್ಲಲಿಲ್ಲ, ಹಾಳೆಯೂ ಐದು ನಿಮಿಷದಲ್ಲಿ ಮೆತ್ತಗಾಯಿತು. ಇದಕ್ಕೆ ಕಾರ್ನ್‌ಫ್ಲೋರ್ ಹಾಕಬಹುದೇ?

ಉತ್ತರ: ಲಿಮಾದಿಂದ ಮರಳಿದ ಬೀದರಿನವ

ಹಾಕಬಹುದು ಅಣ್ಣನವರೇ, ಆ ಒಂದು ಸಾಸಿಗೆ ಅಲ್ಲಿಯೂ ಪಿಷ್ಟ ಹಾಕಿ ಗಟ್ಟಿ ಮಾಡುತ್ತಾರೆ. ಆದರೆ ಮೊದಲು ಹುಣಸೆಯ ರಸವನ್ನು ಸಕ್ಕರೆ, ಜಜ್ಜಿದ ಅಲ್ಲ ಮತ್ತು ಸ್ವಲ್ಪ ವಿನೆಗರಿನೊಂದಿಗೆ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ; ಹಾಗೆ ಮಾಡಿದರೆ ಒಂದು ಬಟ್ಟಲು ಸಾಸಿಗೆ ಒಂದು ಚಿಕ್ಕ ಚಮಚ ಹಿಟ್ಟು ಸಾಕಾಗುತ್ತದೆ, ಹುಣಸೆಯ ರುಚಿ ಹಿಟ್ಟಿನ ಕೆಳಗೆ ಮುಚ್ಚಿಹೋಗುವುದಿಲ್ಲ. ಸಾಸನ್ನು ವಾಂತಾನಿನ ಮೇಲೆ ಸುರಿಯಬೇಡಿ. ಮೇಲೆಯೇ ಸುರಿಯುವ ‘ಕಾಮ್ ಲು ವಾಂತಾನ್’ ಎಂಬುದು ಬೇರೆ ಪದಾರ್ಥ; ಅದರಲ್ಲಿ ಮಾಂಸ, ಸೀಗಡಿ, ಅನಾನಸ್ ಎಲ್ಲವೂ ಇರುತ್ತವೆ, ಅದನ್ನು ಮುಂದೆಂದಾದರೂ ನೋಡೋಣ. ಬರೀ ಕರಿದ ವಾಂತಾನಿಗೆ ಸಾಸನ್ನು ಪಕ್ಕದ ಬಟ್ಟಲಿನಲ್ಲಿ ಬೆಚ್ಚಗೆ ಕೊಡಿ, ತಿನ್ನುವವರು ಅದ್ದಿಕೊಳ್ಳುತ್ತಾರೆ. ಮುಂದಿನ ತಿಂಗಳು ಕಲಬುರಗಿಗೆ ಬರುವವನಿದ್ದೇನೆ; ಸಂಜೆ ಏಳರ ಹೊತ್ತಿಗೆ ನಿಮ್ಮ ಭಟ್ಟಿಯ ಮುಂದೆ ನಿಂತು ಒಂದು ಪ್ಲೇಟ್ ಪೋಯೊ ಸಾಲ್ತಾದೊ ಕೇಳುತ್ತೇನೆ.